ಬ ಅಂದರೆ ಬದುಕಿದೆ

ಮಾರ್ಚ್ 4, ಬುಧವಾರ

ಮಧ್ಯಾಹ್ನ ಅಕ್ಕ ಇಸ್ತ್ರಿ ಗಾಡಿಯ ಪಕ್ಕದಲ್ಲೇ ಕುಸಿದು ಬಿದ್ದಳಂತೆ. ಎದುರಿನ ಟೈಲರ್ ಫೋನ್ ಮಾಡಿದ. ನಾನು ಬಿದ್ದೆನೋ ಎದ್ದೆನೋ ಎಂದು ಆಸ್ಪತ್ರೆಗೆ ಹೋದರೆ, ಅವಳಾಗಲೇ ಮಂಚದ ಮೇಲೆ ಕೂತು, ನರ್ಸಿನ ಕೋಟಿನ ಕಾಲರ್ ಸರಿಯಾಗಿ ಇಸ್ತ್ರಿ ಆಗಿಲ್ಲ ಎಂದು ತಕರಾರು ತೆಗೆದಿದ್ದಳು.

ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ ಬಿಸಿಲಲ್ಲಿ ನಿಲ್ಲಲೇಬಾರದು, ಇನ್ನೊಂದು ಸಲ ಬಿದ್ದರೆ ಏಳುವುದು ಕಷ್ಟ ಎಂದರು ಡಾಕ್ಟರು. "ಬಿಸಿಲು ಮೇಲಿಂದ ಮಾತ್ರ ಅಲ್ಲ ಡಾಕ್ಟ್ರೇ, ಕೈಯಲ್ಲೂ ಕೆಂಡ ಹಿಡ್ಕೊಂಡೇ ನಿಂತಿರ್ತೀನಿ," ಎಂದು ಅಕ್ಕ ನಕ್ಕಳು. ಡಾಕ್ಟರು ನಗಲಿಲ್ಲ. ಗಾಡಿಯನ್ನು ಎದುರು ಬದಿಯ ನೆರಳಿಗೆ ತಳ್ಳೋಣವೆಂದರೆ ಆಗುವುದಿಲ್ಲ. ಅವಳ ಪರವಾನಗಿಯಲ್ಲಿ ಕಂಬದ ನಂಬರ್ ಬರೆದಿದೆ. ಕಂಬ ಬಿಟ್ಟು ಸರಿದರೆ ದಂಡ.

ಸ್ಕೂಟರಿನಲ್ಲಿ ಮನೆಗೆ ಬಿಡುವಾಗ ಹಿಂದಿನಿಂದ ಹೇಳಿದಳು: "ಒಂದು ವಿಷ್ಯ ನಿಂಗೆ ಹೇಳೇ ಇಲ್ಲ ಕಣೋ ಡಬ್ಬಿ. ನಿಮ್ಮ ಆಫೀಸಿಗೆ ಅರ್ಜಿ ಹಾಕಿದೀನಿ. ಟೈಲರ್ ಬರ್ಕೊಟ್ಟ. ಗಿಡ ಇಲ್ಲದ ಬೀದಿಗೆ ಆಳೆತ್ತರದ ಗಿಡ ನೆಡ್ತಾರಂತೆ, ಅವು ಬೆಳೆಯೋ ತನಕ ಗಾಡಿಯವರಿಗೆ ಹಸಿರು ಪರದೆ ಕಟ್ಟಿಕೊಡ್ತಾರಂತಲ್ಲ. ನನ್ನ ತಮ್ಮ ಅಲ್ಲೇ ಇದ್ದಾನೆ ಅಂತ ಮಾತ್ರ ಬರೆಸಿಲ್ಲ. ನಿಂಗೆ ಮುಜುಗರ ಆಗೋದು ಬೇಡ ಅಂತ."

ನಲವತ್ತಾರಾದರೂ ನಾನಿನ್ನೂ ಡಬ್ಬಿ. ಮಗುವಾಗಿದ್ದಾಗ ಒಮ್ಮೆ ಬಟ್ಟೆ ತುಂಬುವ ತಗಡಿನ ಡಬ್ಬಿಯೊಳಗೆ ನಿದ್ದೆ ಹೋದದ್ದಕ್ಕೆ ಜೀವನಪರ್ಯಂತ ಶಿಕ್ಷೆ. ಆದರೆ ಇವತ್ತು ಆ ಹೆಸರಿಗೆ ಸಿಟ್ಟು ಬರಲಿಲ್ಲ. ಆ ಬೀದಿಯ ಗಿಡ ಎಣಿಸಿದವನು ನಾನೇ.

ಮಾರ್ಚ್ 6, ಶುಕ್ರವಾರ

ಹೋದ ವರ್ಷದ ಹಾಳೆ ತೆಗೆದು ನೋಡಿದೆ. ಅಕ್ಕನ ಬೀದಿ: ಗುಂಡಿ ನಲವತ್ತು. ಬ ಮೂವತ್ತೇಳು, ಸ ಮೂರು. ಕೆಳಗೆ ನನ್ನ ಸಹಿ.

ಬ ಅಂದರೆ ಬದುಕಿದೆ, ಸ ಅಂದರೆ ಸತ್ತಿದೆ. ಹದಿಮೂರು ವರ್ಷದಿಂದ ನನ್ನ ಅನ್ನ ಈ ಎರಡು ಅಕ್ಷರದಲ್ಲಿದೆ. ಬ್ಯಾಂಕು, ಕಂಪನಿಗಳು ಬೀದಿಗೆ ಗಿಡ ನೆಡಿಸುವ ನೆರಳು ನಿಧಿಗೆ ಹಣ ಹಾಕುತ್ತವೆ. ಅದರಿಂದ ನಮ್ಮ ಆಫೀಸಿಗೆ ನೆಟ್ಟದ್ದಕ್ಕೆ ಅರ್ಧ, ಮೂರು ವರ್ಷ ಬದುಕಿದ್ದಕ್ಕೆ ಇನ್ನರ್ಧ. ನೀರು ಹಾಕುವವನಿಗೆ ಯಾರೂ ಏನೂ ಇಟ್ಟಿಲ್ಲ. ಹಾಗಾಗಿ ಗಿಡಗಳು ಬದುಕುವುದೆಲ್ಲ ನನ್ನ ಪೆನ್ನಿನಲ್ಲಿ. "ಬ ಜಾಸ್ತಿ ಇದ್ರೆ ಮುಂದಿನ ಕಂತು ಬರುತ್ತೆ, ಆ ದುಡ್ಡಲ್ಲಿ ನಿಜವಾಗ್ಲೂ ಗಿಡ ನೆಡಬಹುದು. ಸ ಜಾಸ್ತಿ ಆದ್ರೆ ನಿಧಿ ಬೇರೆ ಊರಿಗೆ ಹೋಗುತ್ತೆ," ಎನ್ನುತ್ತಾರೆ ಸಾಹೇಬರು. ಅದರಲ್ಲೂ ಒಂದು ನ್ಯಾಯ ಇದೆ ಅಂತ ನಾನು ನಂಬಿದ್ದೆ, ಈಗಲೂ ಪೂರ್ತಿ ಬಿಟ್ಟಿಲ್ಲ.

ಎಣಿಕೆಯವರದೊಂದು ಪದ್ಧತಿ ಇದೆ: ಕೋಲು ಕಂಡರೆ ಗಿಡ. ಗಿಡಕ್ಕೆ ಆಸರೆ ಕೊಟ್ಟ ಕೋಲು ನಿಂತಿದ್ದರೆ ಬ ಹಾಕು, ಮುಂದೆ ಹೋಗು. ಸ್ಕೂಟರಿನಿಂದ ಇಳಿಯುವುದೂ ಬೇಡ. ಹಕ್ಕಿ-ಕೀಟ ಕಾಲಂಗೆ ಎಲ್ಲ ಬೀದಿಗೂ 'ಕಾಗೆ' ಎಂದು ಬರೆಯುತ್ತೇನೆ. ಕಾಗೆ ಇಲ್ಲದ ಬೀದಿ ಎಲ್ಲಿದೆ? ಅದೊಂದು ಸುಳ್ಳಲ್ಲ.

ಅಕ್ಕನ ಬೀದಿ ಎಣಿಸಿದ ದಿನ ಮೇ ತಿಂಗಳ ಬಿಸಿಲು. ತಲೆ ಸುಡುತ್ತಿತ್ತು. ಅದಕ್ಕೇ ಬೀದಿಯೊಳಗೆ ಹೋಗಲಿಲ್ಲ.

ಮಾರ್ಚ್ 11, ಬುಧವಾರ

ಅಕ್ಕನ ಅರ್ಜಿಗೆ ಉತ್ತರ ಟೈಪಾಗಿ ನನ್ನ ಮೇಜಿಗೇ ಬಂತು. "ಸದರಿ ಬೀದಿಯಲ್ಲಿ ಶೇಕಡ ತೊಂಬತ್ತೆರಡಕ್ಕೂ ಹೆಚ್ಚು ಗಿಡಗಳು ಬದುಕಿದ್ದು, ಅದು ನೆರಳಿನ ಬೀದಿಗಳ ಪಟ್ಟಿಯಲ್ಲಿ ಇರುವುದರಿಂದ ಐದು ವರ್ಷ ಯಾವುದೇ ಸೌಲಭ್ಯಕ್ಕೆ ಅವಕಾಶವಿರುವುದಿಲ್ಲ." ಎಣಿಕೆ ಹಾಳೆಯ ಪ್ರತಿಯನ್ನೂ ಲಗತ್ತಿಸಬೇಕೆಂಬುದು ನಿಯಮ.

ಸಹಿ ಇರುವ ಕೆಳಗಿನ ಭಾಗಕ್ಕೆ ಒಂದು ಬಿಳಿ ಚೀಟಿ ಇಟ್ಟು ಪ್ರತಿ ತೆಗೆದೆ. ಲಕೋಟೆಗೆ ಅಂಟು ಹಚ್ಚಿದ್ದೂ ನಾನೇ.

ಮಾರ್ಚ್ 15, ಭಾನುವಾರ

ಅಕ್ಕನ ಬೀದಿಗೆ ಹೋದೆ. ಅವಳು ಗಾಡಿಯ ಹತ್ತಿರ ನಿಂತಿದ್ದಳು, ಹನ್ನೆರಡು ಗಂಟೆ ಬಿಸಿಲಿಗೆ. ತಲೆಗೆ ಒದ್ದೆ ಟವೆಲ್. ಡಾಕ್ಟರ ಮಾತು ಹೇಳಿದರೆ, "ಡಾಕ್ಟ್ರ ಅಂಗಿಗೂ ನಾನೇ ಇಸ್ತ್ರಿ ಹಾಕ್ಬೇಕಲ್ವಾ," ಅಂದಳು.

ಗಾಡಿಯ ಪಕ್ಕದ ಖಾಲಿ ಗುಂಡಿ ತೋರಿಸಿ, "ಬಾರೋ, ಯಾಕೆ ಬಿಸಿಲಲ್ಲಿ ನಿಂತಿದೀಯ? ಇಲ್ಲಿ ಬಂದು ನೆರಳಲ್ಲಿ ಕೂತ್ಕೋ. ಏಳನೇ ನಂಬರ್ ಮರ. ಬದುಕಿದೆಯಂತೆ!" ಎಂದಳು. ಟೈಲರ್ ಬಿದ್ದು ಬಿದ್ದು ನಕ್ಕ. ಪತ್ರ ಇಡೀ ಬೀದಿಗೆ ಗೊತ್ತಾಗಿದೆ. ನಾನೂ ನಕ್ಕೆ.

ಆಮೇಲೆ ತಲೆ ಎತ್ತದೆ, ಅಂಗಿಯ ತೋಳು ಮಡಚುತ್ತಾ ಕೇಳಿದಳು: "ಇದನ್ನ ಯಾರೋ ಎಣಿಸೋದು?"

"ಹೊಸಬ ಒಬ್ಬ ಇದ್ದಾನಕ್ಕ. ಸರಿಯಾಗಿ ಕೆಲಸ ಕಲಿತಿಲ್ಲ."

"ಹೌದಾ," ಅಂದಳು. ಮಡಚಿದ ತೋಳಿನ ಮೇಲೆ ಪೆಟ್ಟಿಗೆ ಎಳೆದು, "ಪಾಪ, ಹೊಸಬ," ಅಂದಳು.

ಬರುವಾಗ ಎಂದಿನಂತೆ ನನ್ನ ವಾರದ ಆರು ಅಂಗಿ ಗರಿಗರಿಯಾಗಿ ಮಡಚಿ ಕೊಟ್ಟಳು. ಒಂದಕ್ಕೂ ಕಾಸು ತೆಗೆದುಕೊಂಡವಳಲ್ಲ.

ಮಾರ್ಚ್ 19, ಗುರುವಾರ

ಆ ಅಂಗಿಗಳನ್ನು ಹಾಕಿಕೊಳ್ಳಲು ಆಗುತ್ತಿಲ್ಲ. ಮುದುರಿದ ಹಳೇ ಟೀ ಶರ್ಟಿನಲ್ಲೇ ಆಫೀಸಿಗೆ ಹೋದೆ. "ನಿಮಗೇನು ಅಕ್ಕ ಇಲ್ವಾ?" ಎಂದು ಹೆಂಡತಿ ಛೇಡಿಸಿದಳು.

ಮಾರ್ಚ್ 24, ಮಂಗಳವಾರ

ಬೆಳಿಗ್ಗೆ ಆರಕ್ಕೆ, ಅಕ್ಕ ಗಾಡಿ ತರುವ ಮುಂಚೆ, ಅವಳ ಬೀದಿಗೆ ಹೋದೆ. ಸ್ಕೂಟರ್ ಮೂಲೆಯಲ್ಲಿ ನಿಲ್ಲಿಸಿ ನಡೆದೆ. ನಲವತ್ತು ಗುಂಡಿ. ಹನ್ನೊಂದರಲ್ಲಿ ಕೋಲು ಮಾತ್ರ. ಅದರಲ್ಲಿ ಎರಡಕ್ಕೆ ಬಟ್ಟೆ ಒಣಗುವ ಹಗ್ಗ ಕಟ್ಟಿದ್ದಾರೆ. ಹದಿನಾಲ್ಕರಲ್ಲಿ ಕಸ. ಆರಕ್ಕೆ ಸಿಮೆಂಟ್ ಬಳಿದಾಗಿದೆ. ಐದು ಬರೀ ಮಣ್ಣು. ಏಳನೆಯದು ಗಾಡಿಯ ಚಕ್ರಕ್ಕೆ ಒಡ್ಡುವ ಇಟ್ಟಿಗೆ ಇಡುವ ಜಾಗ. ಅದೂ ಐದರಲ್ಲಿ ಒಂದು. ಬದುಕಿದ್ದು ನಾಲ್ಕೇ ನಾಲ್ಕು: ಮೂರು ಬೇವು, ಒಂದು ಬಾದಾಮಿ.

ಬಾದಾಮಿಯ ಎಲೆಗಳನ್ನು ಕೆಂಪಿರುವೆಗಳು ಸೇರಿಸಿ ಹೊಲಿದು ಗೂಡು ಕಟ್ಟಿವೆ. ಮಂಡಿಯೂರಿ ನೋಡುತ್ತಾ ಕೂತೆ. ಎಲೆಯ ಒಂದು ಅಂಚನ್ನು ಹತ್ತು ಇರುವೆ ಹಿಡಿದೆಳೆಯುತ್ತವೆ, ಇನ್ನೊಂದು ಸಾಲು ಹೊಲಿಯುತ್ತದೆ. ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ. ಹದಿಮೂರು ವರ್ಷ ನಾನು ಬರೆದದ್ದು ಕಾಗೆ.

ಇದು ನನ್ನ ಪುಸ್ತಕ, ಬೇರೆ ಯಾರೂ ಓದುವುದಿಲ್ಲ. ಇಲ್ಲೂ ಸುಳ್ಳು ಬರೆದರೆ ಹೇಗೆ? ಆವತ್ತು ಬೀದಿಯೊಳಗೆ ಹೋಗದಿದ್ದದ್ದು ಬಿಸಿಲಿಗಲ್ಲ. ಗಿಡಗಳನ್ನು ನೋಡಲೆಂದು ನೆರಳು ನಿಧಿಯ ಮೇಡಂ ಬೇರೆ ಊರಿಂದ ಬಂದಿದ್ದರು. ಕಾರಿನಲ್ಲಿ ಅವರು, ಸಾಹೇಬರು, ನಾನು. ಈ ಬೀದಿಯ ಮೂಲೆಯಲ್ಲಿ ಕಾರು ನಿಲ್ಲಿಸಿ ಮೇಡಂ, "ಇಳಿದು ನಡೀತಾ ನೋಡೋಣ್ವಾ?" ಅಂದರು. ಬೀದಿ ಮಧ್ಯೆ ಅಕ್ಕ ಗಾಡಿ ಹಿಂದೆ ನಿಂತಿದ್ದಳು, ಮುಖವೆಲ್ಲ ಮಸಿ. ನಾವು ಆ ಕಡೆ ಹೋದರೆ ಅವಳು "ಡಬ್ಬೀ" ಎಂದು ಕೂಗುತ್ತಾಳೆ. ಗಿಡಗಳ ತಜ್ಞರು ಅಂತ ಸಾಹೇಬರು ಪರಿಚಯಿಸಿದವನನ್ನು, ಇಸ್ತ್ರಿ ಗಾಡಿಯವಳು ಡಬ್ಬಿ ಅನ್ನುತ್ತಾಳೆ. "ಬೇಡ ಮೇಡಂ, ಹೋದ ವಾರ ತಾನೇ ಎಣಿಸಿದೀನಿ, ಎಲ್ಲ ಚೆನ್ನಾಗಿವೆ," ಅಂದೆ. ಕಾರಿನೊಳಗೇ ಹಾಳೆ ತುಂಬಿದೆ. ಅನುಮಾನ ಬಾರದಿರಲೆಂದು ಮೂರು ಸ ಹಾಕಿದೆ.

ನನ್ನನ್ನು ಓದಿಸಿದ್ದು ಆ ಗಾಡಿ. ಇದನ್ನು ಬರೆದ ಮೇಲೆ ಇನ್ನೇನು ಬರೆಯುವುದು.

ಮಾರ್ಚ್ 26, ಗುರುವಾರ

ಸಾಹೇಬರಿಗೆ ಹೇಳಿದೆ. ಎಲ್ಲ ಅಲ್ಲ, ಆ ಒಂದು ಬೀದಿಯ ಲೆಕ್ಕ ತಪ್ಪಾಗಿದೆ ಎಂದಷ್ಟೇ. "ಅಷ್ಟೇನಾ? ದನ ಮೇಯ್ದು ಈಚೆಗೆ ಸತ್ತವು ಅಂತ ಬರೀರಿ. ಈ ವರ್ಷ ಗಿಡ, ಪರದೆ ಕೊಡೋ ಪಟ್ಟೀಲಿ ಹನ್ನೆರಡು ಬೀದಿಗೆ ಜಾಗ ಇದೆ, ಒಂಬತ್ತೇ ತುಂಬಿರೋದು. ಹತ್ತನೇದಾಗಿ ಸೇರಿಸೋಣ," ಅಂದರು. ಬರೆದೆ. ಆ ಬೀದಿಯಲ್ಲಿ ನಾನು ಹುಟ್ಟಿದಾಗಿನಿಂದ ಒಂದು ದನ ಕಂಡಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಫೀಸು ನಮ್ಮದು. ದನ ಯಾರದು ಎಂದು ಯಾರೂ ಕೇಳಲಿಲ್ಲ.

ಅಕ್ಕನಿಗೆ ಪರದೆ ಬರುತ್ತದೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ 29, ಭಾನುವಾರ

ಏನೋ ದೊಡ್ಡ ಉಡುಗೊರೆ ಹೊತ್ತವನಂತೆ ಹೋದೆ. "ಅಕ್ಕ, ಹೊಸಬನಿಗೆ ಚೆನ್ನಾಗಿ ಬೈದೆ. ಲೆಕ್ಕ ಸರಿ ಮಾಡಿಸಿದೀನಿ. ಮುಂದಿನ ತಿಂಗಳು ಪರದೆ," ಅಂದೆ.

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಮಣೆಯ ಮೇಲೆ ಇಟ್ಟು, ಗಾಡಿಯ ಕೆಳಗಿನ ಖಾನೆಯಿಂದ ಆ ಹಾಳೆ ತೆಗೆದಳು. ಅದಕ್ಕೂ ಇಸ್ತ್ರಿ ಹಾಕಿಟ್ಟಿದ್ದಳು. ಒಂದು ಮಡಿಕೆಯೂ ಇರಲಿಲ್ಲ.

"ಇದು ನೋಡು. ಬ ಬರೆದು ಮುಗಿದ ಮೇಲೂ ಕೈ ನಿಲ್ಲಿಸದೆ ಕೆಳಗೆ ಒಂದು ಬಾಲ ಎಳೆದಿದ್ದಾನೆ. ಮೂವತ್ತೇಳು ಬ, ಮೂವತ್ತೇಳು ಬಾಲ. ನಿಂಗೆ ನೆಲದ ಮೇಲೆ ಇದ್ದಿಲಲ್ಲಿ ಅಕ್ಷರ ತಿದ್ದಿಸಿದ್ದು ನಾನು. ಬಾಲ ಬೇಡ ಅಂತ ಎಷ್ಟು ಹೊಡೆದಿದೀನಿ. ಹೊಸಬನಂತೆ."

ನೆಲ ಬಿರಿಯಬಾರದೇ ಅನ್ನಿಸಿತು. ಆಫೀಸಿನಲ್ಲಿ ಎಲ್ಲರೂ ನನ್ನ ಬಾಲದ ಬ ನೋಡಿ ನಗುತ್ತಾರೆ, ನನಗೇ ಅದು ಹೊಳೆಯಲಿಲ್ಲ. ಸಹಿಯ ಮೇಲೆ ಚೀಟಿ ಮುಚ್ಚಿದ ಜಾಣ!

"ಯಾವಾಗ ಗೊತ್ತಾಯ್ತಕ್ಕ?"

"ಲಕೋಟೆ ಒಡೆದ ತಕ್ಷಣ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ." ಆಮೇಲೆ, ಕೆಂಡ ಕೆದಕುತ್ತಾ: "ಆವತ್ತು ಕಾರಲ್ಲಿ ಬಂದಿದ್ದೆ ಅಲ್ವಾ ನೀನು. ಮೂಲೇಲಿ ನಿಂತಿತ್ತು. ನಾನು ಕರೆಯೋಕೆ ಅಂತ ಕೈ ಎತ್ತಿದೆ. ನೀನು ಮುಖ ಆ ಕಡೆ ತಿರುಗಿಸ್ಕೊಂಡೆ. ದೊಡ್ಡೋರ ಜೊತೆ ಇದ್ದಾನೆ, ಕರೀಬಾರ್ದು ಅನ್ನಿಸ್ತು. ಕೈ ಇಳಿಸಿದೆ."

ನಾನು ಗಾಡಿಯ ಚಕ್ರದ ಇಟ್ಟಿಗೆ ನೋಡುತ್ತಾ ನಿಂತೆ.

"ಪರದೆ ಬೇಡ ಅನ್ನೋಷ್ಟು ದೊಡ್ಡ ಮನಸ್ಸು ನಂದಲ್ಲ. ಬೇಕು ನಂಗೆ. ಸಾಯೋಕೆ ಇಷ್ಟ ಇಲ್ಲ," ಎಂದಳು. "ಆದ್ರೆ ಇದೊಂದೇ ಬೀದೀನಾ, ಡಬ್ಬಿ? ನಿನ್ನ ಬಾಲ ಇನ್ನೂ ಎಷ್ಟು ಬೀದೀಲಿ ಇದೆ?"

"ನಲವತ್ತಾರು."

ಪೆಟ್ಟಿಗೆ ಎತ್ತಿಕೊಂಡು ಮುಂದಿನ ಅಂಗಿಗೆ ನೀರು ಚಿಮುಕಿಸಿದಳು. ಈ ಸಲ ನನ್ನ ಅಂಗಿಗಳನ್ನು ಕೊಡಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಏಪ್ರಿಲ್ 3, ಶುಕ್ರವಾರ

ಐದು ಬೀದಿ. ಗುಂಡಿ ನೂರ ತೊಂಬತ್ತೆಂಟು, ಬದುಕಿದ್ದು ಇಪ್ಪತ್ತಮೂರು. ಹಣ್ಣಿನ ಅಂಗಡಿ ಬೀದಿಯಲ್ಲಿ ಸೊನ್ನೆ. ಎಡಗಾಲಿನ ಚಪ್ಪಲಿ ಕಿತ್ತುಹೋಯಿತು.

ಏಪ್ರಿಲ್ 9, ಗುರುವಾರ

ಶಾಲೆಯ ಹಿಂದಿನ ಬೀದಿ. ನನ್ನ ಹಾಳೆಯಲ್ಲಿ ಅರವತ್ತು ಬ, ಅಲ್ಲಿ ಎರಡು ಗಿಡ. ಮಕ್ಕಳನ್ನು ಕರೆದೊಯ್ಯಲು ಬಂದ ಹೆಂಗಸರು ಒಂದು ವಿದ್ಯುತ್ ಕಂಬದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿದ್ದರು. ಆ ಬೀದಿಯಲ್ಲಿ ಇರುವುದು ಕಂಬದಷ್ಟು ಅಗಲದ ಆ ನೆರಳೊಂದೇ. ಸೂರ್ಯ ಸರಿದಂತೆ ಸಾಲೂ ಸರಿಯುತ್ತಿತ್ತು. ನಾನು ಪುಸ್ತಕದಲ್ಲಿ ತಲೆ ಹುದುಗಿಸಿ ಬರೆಯುತ್ತಲೇ ಇದ್ದೆ. ಒಬ್ಬಾಕೆ, "ಏನು ಬರ್ಕೊಳ್ತಿದೀರಣ್ಣಾ, ಗಿಡ ಹಾಕ್ತೀರಾ?" ಎಂದು ಕೇಳಿದಳು. ಎಣಿಸುತ್ತಿದ್ದೇನೆ ಎಂದೆ. "ಏನನ್ನ?" ಎಂದಳು.

ಏಪ್ರಿಲ್ 16, ಗುರುವಾರ

ನಲವತ್ತಾರೂ ಮುಗಿಯಿತು. ಮೂರು ಸೂರಕ್ಕಿ, ಒಂದು ಓತಿಕ್ಯಾತ, ಲೆಕ್ಕವಿಲ್ಲದಷ್ಟು ಚಿಟ್ಟೆ. ಎಲ್ಲ ಆ ಬೆರಳೆಣಿಕೆಯ ಗಿಡಗಳಲ್ಲೇ. ಸ ಬರೆದು ಬರೆದು ಬೆರಳು ನೋಯುತ್ತಿದೆ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಿ ಹದಿನೈದು ದಿನವಾಯಿತು, ಮುಗಿದೇ ಇಲ್ಲ. ಮೀಟರ್ ಕೆಟ್ಟಿರಬೇಕು.

ಏಪ್ರಿಲ್ 21, ಮಂಗಳವಾರ

ಹಾಳೆಗಳನ್ನೆಲ್ಲ ಸಾಹೇಬರ ಮೇಜಿನ ಮೇಲಿಟ್ಟೆ, ಒಂದು ಪ್ರತಿ ನಿಧಿಯ ಮೇಡಂಗೆ ಕಳಿಸಿದ್ದೇನೆ ಎಂದೂ ಹೇಳಿದೆ. ಸಾಹೇಬರು ಬಹಳ ಹೊತ್ತು ಕೂಗಾಡಿದರು. ಕೂತ ಕೊಂಬೆಯನ್ನೇ ಕಡಿದೆ ಅಂದರು. ನಿಧಿ ಓಡಿಹೋದರೆ ಇರುವ ನಾಲ್ಕು ಗಿಡಕ್ಕೂ ಗತಿಯಿಲ್ಲ ಅಂದರು. ಅವರು ಹೇಳಿದ್ದು ಸುಳ್ಳಾಗಲಿಕ್ಕಿಲ್ಲ, ಅದೇ ಹೆದರಿಕೆ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಆದೇಶ.

ಸಂಜೆ ಗುಮಾಸ್ತ ಫೋನ್ ಮಾಡಿದ. ಹೊಸ ಲೆಕ್ಕದ ಮೇಲೆ ಪಟ್ಟಿ ಮತ್ತೆ ಮಾಡಿದ್ದಾರಂತೆ. ಗಿಡ ಅತಿ ಕಡಿಮೆ ಇರುವ ಹನ್ನೆರಡು ಬೀದಿಗೆ ಈ ವರ್ಷ. ಸೊನ್ನೆ ಗಿಡದ ಬೀದಿಗಳೇ ಹನ್ನೊಂದು. ಹನ್ನೆರಡನೆಯದು ಶಾಲೆಯ ಹಿಂದಿನದು.

ಅಕ್ಕನ ಬೀದಿ ಹತ್ತೊಂಬತ್ತನೆಯದು.

ಏಪ್ರಿಲ್ 26, ಭಾನುವಾರ

ಹೇಳಿದೆ. ಶಾಲೆಯ ಹಿಂದಿನ ಬೀದಿಗೆ ಸಿಕ್ಕಿದ್ದನ್ನೂ ಹೇಳಿದೆ. ಈ ಸಲ ಯಾವ ಹೊಸಬನನ್ನೂ ಮುಂದಿಡಲಿಲ್ಲ.

ಅಕ್ಕ ಒಂದು ಪ್ಯಾಂಟಿನ ಅದೇ ಗೆರೆಯ ಮೇಲೆ ನಾಲ್ಕು ಸಲ ಪೆಟ್ಟಿಗೆ ಎಳೆದಳು. ಅವಳ ಕಣ್ಣಲ್ಲಿ ನೀರಿತ್ತು, ಹೊಗೆಯದ್ದಲ್ಲ.

"ನಾಲ್ಕು ಗಿಡ ಬದುಕಿದ್ದೇ ತಪ್ಪಾಯ್ತು ಹಾಗಾದ್ರೆ," ಅಂದಳು ಕೊನೆಗೆ. "ಆ ಬಾದಾಮಿ ಗಿಡಕ್ಕೆ ಬಟ್ಟೆಗೆ ಚಿಮುಕಿಸಿ ಉಳಿದ ನೀರು ಹಾಕಿ ಬೆಳೆಸಿದ್ದೇ ನಾನು."

"ನಂಗೆ ಗೊತ್ತಿರ್ಲಿಲ್ಲಕ್ಕ."

"ನಿಂಗೆ ಹೇಗೆ ಗೊತ್ತಿರುತ್ತೆ?" ಟವೆಲಿನಿಂದ ಮುಖ ಒರೆಸಿಕೊಂಡಳು. "ಸರಿ, ಆ ಮಕ್ಕಳಿಗಾದ್ರೂ ನೆರಳಾಗ್ಲಿ ಅಂತ ಹೇಳೋಕೆ ಚೆನ್ನಾಗಿರುತ್ತೆ. ಹನ್ನೊಂದರಿಂದ ನಾಲ್ಕರ ತನಕ ಈ ಗಾಡಿ ಹಿಂದೆ ಯಾರು ನಿಲ್ತಾರೆ, ಅದು ಹೇಳು."

ಮೇ 5, ಮಂಗಳವಾರ

ಕಾಲರಿಗೆ ಮೊದಲು ಹಿಂಭಾಗ, ಆಮೇಲೆ ಮುಂಭಾಗ. ತೋಳಿನ ಮಡಿಕೆಗೆ ಎರಡು ಗೆರೆ ಬಿದ್ದರೆ ಅಕ್ಕ ಎದುರಿನಿಂದಲೇ ಬೈಯುತ್ತಾಳೆ. ಒಂದು ವಾರದಿಂದ ಹನ್ನೊಂದರಿಂದ ನಾಲ್ಕರವರೆಗೆ ಅವಳು ಟೈಲರ್ ಅಂಗಡಿಯ ಮೆಟ್ಟಿಲ ನೆರಳಿನಲ್ಲಿ, ನಾನು ಗಾಡಿಯ ಹಿಂದೆ. ಎರಡು ಬೆರಳು ಬೊಬ್ಬೆ ಎದ್ದಿವೆ. ಇಷ್ಟು ಬಿಸಿಲು ಈ ಬೀದಿಯಲ್ಲಿದೆ ಎಂದು ಯಾವ ಹಾಳೆಯಲ್ಲೂ ಬರೆದಿಲ್ಲ.

ಇವತ್ತು ಒಂದು ಗಂಟೆಗೆ ಮೂಲೆಯಲ್ಲಿ ಕಾರು ನಿಂತಿತು. ನಿಧಿಯ ಮೇಡಂ ಇಳಿದರು, ಹಿಂದೆ ಸಾಹೇಬರು. ಹೊಸ ಲೆಕ್ಕ ನಿಜವೇ ಎಂದು ಗುಂಡಿ ಗುಂಡಿ ನೋಡುತ್ತಾ ನಡೆದು ಬರುತ್ತಿದ್ದರು. ಸಾಹೇಬರು ನನ್ನನ್ನು ಇನ್ನೂ ನೋಡಿರಲಿಲ್ಲ. ನನ್ನ ಮುಖವೆಲ್ಲ ಮಸಿ.

ಅಕ್ಕನಿಗೆ ಕಂಡಿತು. ಮೆಟ್ಟಿಲಿಂದ ಎದ್ದು ಬೇಗ ಬೇಗ ಬಂದು ನನ್ನ ಕೈಯಿಂದ ಪೆಟ್ಟಿಗೆ ಕಿತ್ತುಕೊಳ್ಳಲು ನೋಡಿದಳು. ಅಷ್ಟರಲ್ಲಿ ಅವರು ಹತ್ತಿರ ಬಂದೇಬಿಟ್ಟರು. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದು, ಪರಿಚಯವೇ ಇಲ್ಲದವಳ ಹಾಗೆ, ಎಂದೂ ಇಲ್ಲದ ದನಿಯಲ್ಲಿ ಹೇಳಿದಳು: "ನಿಮ್ಮ ಬಟ್ಟೆ ಆಮೇಲೆ ಕೊಡ್ತೀನಿ ಸಾರ್. ನೀವು ಹೊರಡಿ."

ಸಾರ್. ನನ್ನನ್ನು ಉಳಿಸುತ್ತಿದ್ದಾಳೆ. ಈಗಲೂ.

"ಯಾರಕ್ಕ ಸಾರ್?" ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಮೇಡಂ, ಇವಳು ನಮ್ಮಕ್ಕ. ಗಾಡಿ ಇವಳದು. ಹೋದ ವರ್ಷ ನೀವು ಇಳಿದು ನೋಡೋಣ ಅಂದಾಗಲೂ ಇಲ್ಲೇ ನಿಂತಿದ್ದಳು. ಏಳನೇ ಗುಂಡಿ ಇದು. ಗಿಡ ಇಲ್ಲ, ಬರ್ಕೊಳ್ಳಿ."

ಮೇಡಂ ಗುಂಡಿ ನೋಡಿದರು, ಇಟ್ಟಿಗೆ ನೋಡಿದರು, ಬರೆದುಕೊಂಡರು. ಸಾಹೇಬರು ಆಕಾಶ ನೋಡುತ್ತಿದ್ದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಒಮ್ಮೆಗೇ, ಆ ಮೂಲೆಯಿಂದ ಈ ಮೂಲೆಯವರೆಗೆ ಕೇಳುವ ಹಾಗೆ ಕೂಗಿದಳು:

"ಡಬ್ಬೀ! ಕಾಲರ್ ಸುಡ್ತಿದೆ ನೋಡೋ!"

ಸುಟ್ಟೇ ಹೋಗಿತ್ತು. ಐದನೇ ಮನೆಯವರ ಬಿಳಿ ಅಂಗಿ. ನಾಳೆ ಬೆಳಿಗ್ಗೆ ಹೋಗಿ, ಸುಟ್ಟದ್ದು ನಾನೇ ಎಂದು ಹೇಳಿ ಬರಬೇಕು.